ಕ್ಲಾರ್ಜೇತಿಯ ಬೆಟ್ಟದ ಮಠಗಳೂ ಜಾರ್ಜಿಯನ್ ವಾಙ್ಮಯವೂ

೧

ಕಪ್ಪು ಸಮುದ್ರದ ಪೂರ್ವತೀರದಲ್ಲಿ ಬಟೂಮಿ ಪಟ್ಟಣದ ಸಮೀಪದಲ್ಲಿ ಚೊರೋಖಿ ಎಂಬ ನದಿಯು ಕಡಲನ್ನು ಸೇರುತ್ತದೆ. ಇದನ್ನು ತುರ್ಕರು ಚೊರುಹ್ ಎಂದು ಕರೆಯುವರು. ಈ ನದಿಯ ಜಾಡನ್ನು ಹಿಡಿದು ಮೇಲಕ್ಕೆ ಹೋದಂತೆಲ್ಲ ಕಣಿವೆಯು ಇಕ್ಕಟ್ಟಾಗಿ, ಎರಡು ಕಡೆಗಳಲ್ಲಿಯೂ ಬಂಡೆಗಳು ಗೋಡೆಯಂತೆ ಎದ್ದು ನಿಲ್ಲುತ್ತವೆ. ಪಶ್ಚಿಮಕ್ಕೆ ೩,೯೩೭ ಮೀಟರು ಎತ್ತರದ ಕಚ್ಕಾರ್ ಶಿಖರವುಳ್ಳ ಪರ್ವತಶ್ರೇಣಿಯಿದೆ. ಪೂರ್ವಕ್ಕೂ ದಕ್ಷಿಣಕ್ಕೂ ಒಂದರ ಹಿಂದೊಂದಾಗಿ ಬೆಟ್ಟಗಳು ಹರಡಿವೆ. ಮಧ್ಯಯುಗದಲ್ಲಿ ಈ ಸೀಮೆಯ ಭಾಗಗಳಿಗೆ ಕ್ಲಾರ್ಜೇತಿ, ಶಾವ್ಶೇತಿ, ತಾವೋ ಎಂಬ ಹೆಸರುಗಳಿದ್ದವು. ಇಂದು ಇದು ತುರ್ಕಿ ದೇಶದ ಈಶಾನ್ಯದಲ್ಲಿರುವ ಆರ್ತ್ವಿನ್, ಅರ್ದಹಾನ್, ಎರ್ಜುರುಮ್ ಪ್ರಾಂತಗಳಲ್ಲಿ ಹಂಚಿಹೋಗಿದೆ.

ಇಂತಹ ದುರ್ಗಮವಾದ ನೆಲದಲ್ಲಿ ಎಂಟನೆಯ ಶತಮಾನದ ಕೊನೆಯಿಂದ ಹನ್ನೊಂದನೆಯ ಶತಮಾನದ ವರೆಗೆ ಜಾರ್ಜಿಯನ್ ಭಾಷೆಯ ಕ್ರೈಸ್ತ ಯತಿಗಳು ಅನೇಕ ಮಠಗಳನ್ನು ಕಟ್ಟಿ ನೆಲಸಿದರು. ಜಾರ್ಜಿಯದ ಪ್ರಾಚೀನ ವಾಙ್ಮಯದಲ್ಲಿ ಇಂದು ಉಪಲಬ್ಧವಾಗಿರುವ ಅತ್ಯಂತ ಬೆಲೆಯುಳ್ಳ ಗ್ರಂಥಗಳಲ್ಲಿ ಹಲವು ಈ ಮಠಗಳ ಕೋಣೆಗಳಲ್ಲಿ ಲಿಖಿತವಾದುವು. ಇದಕ್ಕೆ ಕಾರಣವನ್ನು ಹೇಳುವಾಗ, ಬೆಟ್ಟವು ಶತ್ರುಗಳನ್ನು ತಡೆಯಿತು, ಆದುದರಿಂದ ಗ್ರಂಥಗಳು ಉಳಿದುವು ಎಂದು ಹೇಳುವುದು ವಾಡಿಕೆ. ಈ ಮಾತು ಅರ್ಧ ಮಾತ್ರ ನಿಜವಾದುದು. ಬೆಟ್ಟವು ಯತಿಗಳಿಗೆ ಆಶ್ರಯವನ್ನು ಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗ್ರಂಥಗಳನ್ನು ಕಾಪಾಡಿದುದು ಬೆಟ್ಟವಲ್ಲ. ಅವು ಬೆಟ್ಟವನ್ನು ಬಿಟ್ಟು ಹೊರಟುದರಿಂದಲೇ ಉಳಿದುವು. ಈ ವಿಷಯವನ್ನು ಗ್ರಂಥಗಳ ಸಾಕ್ಷ್ಯದಿಂದಲೇ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಈ ಮಠಗಳ ಚರಿತ್ರೆಗೆ ಮುಖ್ಯ ಆಧಾರವು ಗಿಯೋರ್ಗಿ ಮೆರ್ಚುಲೆ ಎಂಬವನು ಕ್ರಿ. ಶ. ೯೫೧ರಲ್ಲಿ ರಚಿಸಿದ ‘ಗ್ರಿಗೋಲ್ ಖಾಂಡ್ಜ್ತೇಲಿಯ ಚರಿತ್ರೆ’. ಮೆರ್ಚುಲೆ ಎಂದರೆ ಧರ್ಮಶಾಸ್ತ್ರವನ್ನು ಬಲ್ಲವನು ಎಂದರ್ಥ. ಇದು ಅವನ ವಿದ್ಯೆಗೆ ಸಂದ ಬಿರುದು. ಚರಿತ್ರನಾಯಕನಾದ ಗ್ರಿಗೋಲನು ಕ್ರಿ. ಶ. ೭೫೯ರಲ್ಲಿ ಹುಟ್ಟಿ ೮೬೧ರಲ್ಲಿ ದೇಹವನ್ನು ಬಿಟ್ಟನೆಂದು ನಿರ್ಣಯಿಸಲಾಗಿದೆ. ಅವನು ತೀರಿಕೊಂಡ ತೊಂಬತ್ತು ವರ್ಷಗಳ ಮೇಲೆ ಗ್ರಂಥವು ಹುಟ್ಟಿತು. ಹೀಗಿರುವುದರಿಂದ ಗ್ರಂಥಕರ್ತನು ಕಣ್ಣಾರೆ ಕಂಡವನಲ್ಲ. ಮಠದ ಹಿರಿಯರು ಪರಂಪರೆಯಿಂದ ಹೇಳುತ್ತಿದ್ದುದನ್ನು ಕೇಳಿ ಬರೆದವನು. ಅದರಲ್ಲಿ ಪವಾಡಗಳಿವೆ; ಆಳುವ ಬಗ್ರಾತಿಯೋನಿ ಮನೆತನವು ಪ್ರವಾದಿಯಾದ ದಾವೀದನ ವಂಶಕ್ಕೆ ಸೇರಿದುದೆಂಬ ಹೊಗಳಿಕೆಯೂ ಇದೆ. ಇವನ್ನು ಚರಿತ್ರೆಯೆಂದು ಸ್ವೀಕರಿಸಲಾಗದು. ಆದರೆ ಮಠದ ನಿಯಮ, ಊಟ, ಕಟ್ಟಡ, ದಾನ, ಪ್ರಯಾಣ ಮೊದಲಾದುವುಗಳ ವಿಷಯದಲ್ಲಿ ಮೆರ್ಚುಲೆಯ ಮಾತು ನಿರಾಡಂಬರವಾದುದು. ಅಲ್ಲಿ ಸುಳ್ಳು ಹೇಳುವುದರಿಂದ ಅವನಿಗೆ ಯಾವ ಪ್ರಯೋಜನವೂ ಇರಲಿಲ್ಲ.

ಈ ಗ್ರಂಥವು ಬಹುಕಾಲ ಪಂಡಿತರ ಕಣ್ಣಿಗೆ ಬಿದ್ದಿರಲಿಲ್ಲ. ಅದರ ಹಸ್ತಪ್ರತಿಯು ಸಿಕ್ಕಿದುದು ಕ್ಲಾರ್ಜೇತಿಯಲ್ಲಿ ಅಲ್ಲ, ಜಾರ್ಜಿಯದಲ್ಲಿಯೂ ಅಲ್ಲ. ಅಲ್ಲಿಂದ ಬಹುದೂರವಾದ ಜೆರೂಸಲೇಮಿನಲ್ಲಿ. ನಿಕೊಲೋಜ್ ಚುಬಿನಾಶ್ವಿಲಿಯು ಕ್ರಿ. ಶ. ೧೮೪೫ರಲ್ಲಿ ಅದನ್ನು ಮೊದಲು ಗುರುತಿಸಿದನು. ನಿಕೊಲಾಯ್ ಮಾರ್ ಎಂಬ ವಿದ್ವಾಂಸನು ೧೯೦೨ರಲ್ಲಿ ಪ್ರತಿಯನ್ನು ಅಭ್ಯಸಿಸಿ, ೧೯೦೪ರಲ್ಲಿ ಶಾವ್ಶೇತಿ ಕ್ಲಾರ್ಜೇತಿಗಳಲ್ಲಿ ಸ್ವತಃ ಸಂಚರಿಸಿ, ೧೯೧೧ರಲ್ಲಿ ಮೂಲವನ್ನು ರಷ್ಯನ್ ಅನುವಾದದೊಡನೆಯೂ ತನ್ನ ಪ್ರವಾಸದ ದಿನಚರಿಯೊಡನೆಯೂ ಪ್ರಕಟಿಸಿದನು. ಒಂದು ಸೀಮೆಯ ಚರಿತ್ರೆಯು ಆ ಸೀಮೆಯ ಹೊರಗೆ ದೊರೆತುದೇ ಮೇಲೆ ಹೇಳಿದ ವಿಚಾರಕ್ಕೆ ಮೊದಲನೆಯ ನಿದರ್ಶನ.

೩

ಯತಿಗಳು ಅಲ್ಲಿಗೆ ಬಂದುದು ಏತಕ್ಕೆ? ಏಳನೆಯ ಶತಮಾನದ ನಡುವಿನಿಂದ ಪೂರ್ವಜಾರ್ಜಿಯವು, ಅಂದರೆ ಕಾರ್ತ್ಲಿಯು, ಅರಬರ ಅಧೀನಕ್ಕೆ ಹೋಯಿತು; ತ್ಬಿಲಿಸಿ ನಗರದಲ್ಲಿ ಅವರ ಅಮೀರನು ಆಳತೊಡಗಿದನು. ಎಂಟನೆಯ ಶತಮಾನದ ಮೂರನೆಯ ದಶಕದ ಬಳಿಕ ಮರ್ವಾನನ ದಂಡಯಾತ್ರೆಯು ನಾಡನ್ನು ಸೂರೆಮಾಡಿತು. ಅವನನ್ನು ಜಾರ್ಜಿಯನರು ‘ಕಿವುಡ ಮರ್ವಾನ’ ಎಂದು ಕರೆದರು. ಗೋಳಿಡುವವರ ಕೂಗು ಅವನಿಗೆ ಕೇಳಿಸುತ್ತಿರಲಿಲ್ಲವೆಂಬ ಭಾವವು ಆ ಹೆಸರಿನಲ್ಲಿ ಅಡಗಿರುವಂತೆ ತೋರುತ್ತದೆ. ಈ ದಂಡಯಾತ್ರೆಯಿಂದಲೂ ಅದರ ತರುವಾಯ ಬಂದ ವ್ಯಾಧಿಯಿಂದಲೂ ಕ್ಲಾರ್ಜೇತಿ ಶಾವ್ಶೇತಿಗಳು ಜನಶೂನ್ಯವಾದುವೆಂದು ಹನ್ನೊಂದನೆಯ ಶತಮಾನದ ಚರಿತ್ರಕಾರನಾದ ಸುಂಬಾತ್ ದಾವಿತಿಸ್‌ಡ್ಜೆ ಬರೆದಿದ್ದಾನೆ.

ಆ ಬರಿದಾದ ನೆಲಕ್ಕೆ ಗ್ರಿಗೋಲನು ಹೋದನು. ಅವನು ಅನಾಥನಾದ ಬಡವನಲ್ಲ. ಕಾರ್ತ್ಲಿಯ ಅಧಿಪತಿಯಾದ ನೆರ್ಸೆಯ ಅರಮನೆಯಲ್ಲಿ, ಆತನ ಪತ್ನಿಯ ಸೋದರಸಂಬಂಧದಿಂದ, ಬೆಳೆದವನು. ಸಣ್ಣ ವಯಸ್ಸಿನಲ್ಲಿಯೇ ಶಾಸ್ತ್ರಗಳನ್ನೂ ಅನ್ಯಭಾಷೆಗಳನ್ನೂ ಕಲಿತು ಯಾಜಕನಾದನು. ಬಂಧುಗಳು ಅವನನ್ನು ಬಿಷಪ್ ಪದವಿಗೆ ಏರಿಸಬೇಕೆಂದು ಎಣಿಸಿದಾಗ, ಆ ಗೌರವಕ್ಕೆ ಅಂಜಿ, ಬಂಧುವಾದ ಸಾಬಾ, ಮಿತ್ರರಾದ ತೆವ್ದೋರೆ, ಕ್ರಿಸ್ತೆಪೋರೆ ಎಂಬ ಮೂವರೊಡನೆ ಗುಟ್ಟಾಗಿ ಹೊರಟುಹೋದನು. ಕ್ಲಾರ್ಜೇತಿಯಲ್ಲಿ ಮೊದಲೇ ಇದ್ದ ಓಪಿಜಾ ಮಠದಲ್ಲಿ ಅವರು ಎರಡು ವರ್ಷ ಇದ್ದರು. ಬಳಿಕ, ಖ್ವೇದಿಯೋಸ್ ಎಂಬ ವೃದ್ಧ ತಪಸ್ವಿಯೊಬ್ಬನು ಒಂಟಿಯಾಗಿ ವಾಸಿಸುತ್ತಿದ್ದ ಖಾಂಡ್ಜ್ತಾ ಎಂಬ ಸ್ಥಳವನ್ನು ಆರಿಸಿಕೊಂಡು, ಕ್ರಿ. ಶ. ೭೮೨ರ ಸುಮಾರಿನಲ್ಲಿ ಅಲ್ಲಿ ಮರದಿಂದ ಒಂದು ದೇವಾಲಯವನ್ನೂ ಕೆಲವು ಕುಟಿಗಳನ್ನೂ ನಿರ್ಮಿಸಿದರು. ಗ್ರಿಗೋಲನಿಗೆ ಖಾಂಡ್ಜ್ತೇಲಿ, ಅಂದರೆ ಖಾಂಡ್ಜ್ತಾದವನು, ಎಂಬ ಹೆಸರು ಬಂದುದು ಇದರಿಂದಲೇ.

ಜಾರ್ಜಿಯನ್ ಭಾಷೆಯಲ್ಲಿ ಇಂತಹ ಮಠಗಳಿಗೆ ‘ಉದಬ್ನೋ’ ಎಂಬ ಪದವು ಪ್ರಯೋಗದಲ್ಲಿದೆ. ‘ದಬಾ’ ಎಂದರೆ ಊರು. ‘ಉ’ ಎಂಬುದು ಅಭಾವವನ್ನು ಸೂಚಿಸುವ ಪೂರ್ವಪ್ರತ್ಯಯ. ಆದುದರಿಂದ ಉದಬ್ನೋ ಎಂದರೆ ಊರಿಲ್ಲದ ಸ್ಥಳ, ನಿರ್ಜನಪ್ರದೇಶ. ಈಜಿಪ್ಟಿನ ಮರಳುಗಾಡಿನಲ್ಲಿ ತಪಸ್ಸು ಮಾಡಿದ ಮೊದಲ ಕ್ರೈಸ್ತ ಯತಿಗಳ ಸ್ಮರಣೆಯಿಂದ ಈ ಪದವು ಮಠಕ್ಕೆ ರೂಢಿಯಾಯಿತು. ಹಸಿರು ಕಾಡಿನ ನಡುವೆ ತೊರೆಗಳು ಹರಿಯುವ ಸ್ಥಳವನ್ನು ಮರುಭೂಮಿಯೆಂದು ಕರೆಯುವುದು ವಿಚಿತ್ರವಾಗಿ ತೋರಬಹುದು. ಆದರೆ ಸಂಸ್ಕೃತದ ‘ಅರಣ್ಯ’ ಶಬ್ದದಂತೆಯೇ ಇಲ್ಲಿಯೂ ಮುಖ್ಯವಾದುದು ಮರವಲ್ಲ, ಮರಳಲ್ಲ, ಊರಿನ ಅಭಾವ. ಓಪಿಜಾ, ಖಾಂಡ್ಜ್ತಾ, ಶಾತ್ಬೆರ್ದಿ, ಮಿಜ್ನಾಡ್ಜೋರಿ, ತ್ಸ್ಕಾರೋಸ್ತಾವಿ, ಬೆರ್ತಾ ಮೊದಲಾದುವು ಸೇರಿ ‘ಕ್ಲಾರ್ಜೇತಿಯ ಹನ್ನೆರಡು ಉದಬ್ನೋಗಳು’ ಎಂದು ಪ್ರಸಿದ್ಧವಾದುವು.

೪

ಖಾಂಡ್ಜ್ತಾದ ಸ್ಥಿತಿಯನ್ನು ಮೆರ್ಚುಲೆ ವಿವರವಾಗಿ ಬಣ್ಣಿಸಿದ್ದಾನೆ. ಬಿತ್ತುವುದಕ್ಕೆ ಹೊಲವಾಗಲಿ, ಹುಲ್ಲು ಕೊಯ್ಯುವುದಕ್ಕೆ ಬಯಲಾಗಲಿ ಅಲ್ಲಿರಲಿಲ್ಲ. ಗ್ರಿಗೋಲನ ಕಾಲದ ಯತಿಗಳ ಕುಟಿಯಲ್ಲಿ ಇದ್ದುದು ಒಂದು ಸಣ್ಣ ಹಾಸಿಗೆ, ನೀರಿನ ಒಂದು ಹೂಜಿ, ಇಷ್ಟೆ. ಊಟವು ಎಲ್ಲರೂ ಕೂಡಿ ಒಂದೇ ಪಂಕ್ತಿಯಲ್ಲಿ. ಕುಟಿಯಲ್ಲಿ ಬೇರೆಯಾಗಿ ಏನನ್ನೂ ತಿನ್ನುವಂತಿರಲಿಲ್ಲ. ಬೆಂಕಿಯನ್ನು ಹೊತ್ತಿಸುವ ಪದ್ಧತಿಯಿಲ್ಲವಾದುದರಿಂದ ಕುಟಿಗಳಿಗೆ ಹೊಗೆ ಹೋಗುವ ಕಂಡಿಯೂ ಇರಲಿಲ್ಲ. ರಾತ್ರಿಯಲ್ಲಿ ದೀಪವಿಲ್ಲ, ಬಾಯಿಪಾಠವಾಗಿದ್ದ ದಾವೀದನ ಕೀರ್ತನೆಗಳೇ ರಾತ್ರಿಯ ಕೆಲಸ, ಗ್ರಂಥವಾಚನವು ಹಗಲಿನ ಕೆಲಸ. ಹಿಮ ಬೀಳುವ ಬೆಟ್ಟದಲ್ಲಿ ಬೆಂಕಿಯಿಲ್ಲದೆ ಬಾಳಿದ ಈ ಜನರು ಲೋಕವನ್ನು ಪೂರ್ಣವಾಗಿ ತೊರೆದವರೆಂದು ಓದುಗರಿಗೆ ಅನ್ನಿಸುವುದು ಸಹಜ.

ಆದರೆ ಅದೇ ಗ್ರಂಥವು ಬೇರೊಂದು ಚಿತ್ರವನ್ನೂ ತೋರಿಸುತ್ತದೆ. ಹೊಲವಿಲ್ಲದ ಮಠವು ದಾನಿಗಳಿಲ್ಲದೆ ಬದುಕಲಾರದು. ಗಾಬ್ರಿಯೆಲ್ ದಪಂಚುಲಿ ಎಂಬ ಕುಲೀನನ ನೆರವಿನಿಂದ ಮರದ ದೇವಾಲಯದ ಸ್ಥಾನದಲ್ಲಿ ಕಲ್ಲಿನ ದೇವಾಲಯವು ಎದ್ದಿತು. ಅವನ ಮೂಲಕ ಗ್ರಿಗೋಲನಿಗೆ ಅರಸನಾದ ಅಶೋತ್ ಬಗ್ರಾತಿಯೋನಿಯ ಪರಿಚಯವಾಯಿತು. ಈ ಅಶೋತನು ಅರಬರ ಒತ್ತಡದಿಂದ ಕಾರ್ತ್ಲಿಯನ್ನು ಬಿಟ್ಟು ಬಂದು, ಬೈಜಾಂಟಿಯಂ ಚಕ್ರವರ್ತಿಯಿಂದ ಕುರೋಪಲಾಟೆಸ್ ಎಂಬ ಪದವಿಯನ್ನು ಪಡೆದು, ಕ್ಲಾರ್ಜೇತಿಯಲ್ಲಿ ಹಾಳುಬಿದ್ದಿದ್ದ ಅರ್ತಾನುಜಿ ಕೋಟೆಯನ್ನು ಜೀರ್ಣೋದ್ಧಾರ ಮಾಡಿ ರಾಜಧಾನಿಯನ್ನಾಗಿ ಮಾಡಿಕೊಂಡಿದ್ದನು. ಅವನು ಮಠಕ್ಕೆ ಭೂಮಿಯನ್ನು ಕೊಟ್ಟನು. ಶಾತ್ಬೆರ್ದಿಯೂ ಅದರಲ್ಲಿ ಸೇರಿತ್ತು. ಅವನ ಮಗನಾದ ಬಗ್ರಾತನ ಕಾಲದಲ್ಲಿ ಶಾತ್ಬೆರ್ದಿಯಲ್ಲಿಯೂ ಗ್ರಿಗೋಲನು ಒಂದು ಮಠವನ್ನು ಸ್ಥಾಪಿಸಿದನು.

ದಾನವನ್ನು ಪಡೆದ ಮಾತ್ರಕ್ಕೆ ಯತಿಯು ಅರಸನಿಗೆ ಅಧೀನನಾಗಲಿಲ್ಲ. ಅಶೋತನು ಒಬ್ಬ ಹೆಂಗಸನ್ನು ಕೋಟೆಗೆ ಕರೆತಂದು ಇಟ್ಟುಕೊಂಡಿದ್ದನು. ಅವಳನ್ನು ಕಳುಹಿಸಿಬಿಡುವೆನೆಂದು ಗ್ರಿಗೋಲನಿಗೆ ಮಾತು ಕೊಟ್ಟರೂ ನಡೆಸಲಿಲ್ಲ. ಅರಸನು ಊರಲ್ಲಿಲ್ಲದ ಸಮಯವನ್ನು ನೋಡಿ ಗ್ರಿಗೋಲನು ಅವಳನ್ನು ಕರೆಸಿ, ಮೆರೆ ಎಂಬಲ್ಲಿಯ ಸ್ತ್ರೀಯರ ಮಠದಲ್ಲಿ ಫೆಬ್ರೋನಿಯಾ ಎಂಬ ಮಠಾಧಿಕಾರಿಣಿಯ ವಶಕ್ಕೆ ಒಪ್ಪಿಸಿದನು. ಹಿಂದಿರುಗಿದ ಅಶೋತನು ಮೆರೆಗೆ ಧಾವಿಸಿದರೂ, ಫೆಬ್ರೋನಿಯಾಳ ಎದುರಿನಲ್ಲಿ ಸೋತು ಬರಿಗೈಯಲ್ಲಿ ಮರಳಿದನು. ಜೀವದ ಮೇಲಿನ ಆಶೆಯನ್ನೇ ಕಳೆದುಕೊಂಡವನಂತೆ ಮಾತನಾಡಿದನು. ಈ ಪ್ರಸಂಗದಲ್ಲಿ ಮೆರ್ಚುಲೆ ಅರಸನ ದುಃಖವನ್ನು ಮರೆಮಾಚಿಲ್ಲ. ಕೋಟೆಯ ಅರಸನಿಗಿಂತ ಬೆಟ್ಟದ ಮಠದ ಮಾತು ನಡೆದ ಕಾಲವೊಂದಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅರ್ತಾನುಜಿಯು ಕೇವಲ ಕೋಟೆಯಲ್ಲ. ಹತ್ತನೆಯ ಶತಮಾನದ ಬೈಜಾಂಟಿಯಂ ಚಕ್ರವರ್ತಿಯಾದ ಏಳನೆಯ ಕಾನ್‌ಸ್ಟಾಂಟೈನನು ತನ್ನ ಮಗನಿಗಾಗಿ ಬರೆದ ರಾಜನೀತಿಗ್ರಂಥದಲ್ಲಿ, ಟ್ರೆಬಿಜಾಂಡ್, ಜಾರ್ಜಿಯ, ಅಬ್ಖಾಜಿಯ, ಆರ್ಮೇನಿಯ, ಸಿರಿಯ ದೇಶಗಳ ಸರಕು ಆ ಪಟ್ಟಣಕ್ಕೆ ಬರುತ್ತಿತ್ತೆಂದೂ, ಅಲ್ಲಿಯ ಸುಂಕದ ಆದಾಯವು ಅಪಾರವೆಂದೂ ಹೇಳಿದ್ದಾನೆ. ಹೀಗೆ ಯಾವುದನ್ನು ನಿರ್ಜನವಾದ ಮೂಲೆಯೆಂದು ಭಾವಿಸಲಾಗಿತ್ತೋ ಅದರ ಪಕ್ಕದಲ್ಲಿಯೇ ದೇಶಾಂತರದ ವರ್ತಕರು ನಡೆಯುವ ದಾರಿಯಿತ್ತು. ಆ ದಾರಿಯಲ್ಲಿ ಸರಕಿನಂತೆ ಗ್ರಂಥವೂ ನಡೆಯಬಹುದಾಗಿತ್ತು. ಗ್ರಿಗೋಲನು ತಾನೇ ಕಾನ್‌ಸ್ಟಾಂಟಿನೋಪಲಿಗೆ ಹೋಗಿಬಂದನು. ಜೆರೂಸಲೇಮಿಗೆ ಹೊರಟ ಮಿತ್ರನ ಮೂಲಕ ಅಲ್ಲಿಯ ಸಂತ ಸಾಬಾಸನ ಮಠದ ನಿಯಮಾವಳಿಯನ್ನು ಬರೆಯಿಸಿ ತರಿಸಿ, ಅದನ್ನು ನೋಡಿಕೊಂಡು ಖಾಂಡ್ಜ್ತಾಕ್ಕೆ ತಕ್ಕ ನಿಯಮವನ್ನು ರಚಿಸಿದನು. ದೀಪವಿಲ್ಲದ ಆ ಕುಟಿಗಳ ಆಚಾರವು ಪ್ಯಾಲೆಸ್ಟೈನಿನಿಂದ ಹಾಳೆಯ ಮೇಲೆ ಬಂದುದು.

೫

ಈಗ ಗ್ರಂಥಗಳ ವಿಚಾರ. ಶಾತ್ಬೆರ್ದಿಯಲ್ಲಿ ಕ್ರಿ. ಶ. ೮೯೭ರಲ್ಲಿ ಚರ್ಮಪತ್ರದ ಮೇಲೆ ಬರೆದ ನಾಲ್ಕು ಸುವಾರ್ತೆಗಳ ಪ್ರತಿಯು, ಕಾಲವನ್ನು ನಮೂದಿಸಿರುವ ಜಾರ್ಜಿಯನ್ ಸುವಾರ್ತೆಗಳ ಪ್ರತಿಗಳಲ್ಲಿ ಅತ್ಯಂತ ಹಳೆಯದು. ಓಪಿಜಾದ ಸುವಾರ್ತೆಗಳು ೯೧೩ರಲ್ಲಿಯೂ, ಜ್ರುಚಿಯ ಸುವಾರ್ತೆಗಳು ೯೩೬ರಲ್ಲಿಯೂ, ಪಾರ್ಖಾಲಿಯ ಸುವಾರ್ತೆಗಳು ೯೭೩ರಲ್ಲಿಯೂ ಲಿಖಿತವಾದುವು. ಇವುಗಳ ಪಾಠಗಳನ್ನು ಒಂದರೊಡನೊಂದನ್ನು ಹೋಲಿಸಿದರೆ ಹಳೆಯ ಭಾಷಾಂತರಗಳ ಪದರಗಳು ಕಾಣುತ್ತವೆ. ಆದುದರಿಂದಲೇ ರಾಬರ್ಟ್ ಬ್ಲೇಕ್ ಮೊದಲಾದ ಇಪ್ಪತ್ತನೆಯ ಶತಮಾನದ ಸಂಪಾದಕರು ೮೯೭ರ ಪ್ರತಿಯನ್ನು ಆಧಾರವಾಗಿಟ್ಟುಕೊಂಡು ಓಪಿಜಾದ ಪಾಠಾಂತರಗಳನ್ನು ಅದಕ್ಕೆ ಸೇರಿಸಿ ಪ್ರಕಟಿಸಿದರು.

ಶಾತ್ಬೆರ್ದಿಯ ಸಂಕಲನಗ್ರಂಥವು ಇನ್ನೂ ಮಹತ್ವದ್ದು. ಕ್ರಿ. ಶ. ೯೭೩ರಿಂದ ೯೭೬ರ ವರೆಗೆ ಇಯೋಆನೆ ಬೆರಾಯಿ ಎಂಬ ಲಿಪಿಕಾರನ ಕೈಯಿಂದ ಹೊರಬಂದ ಇದರಲ್ಲಿ ಜಾರ್ಜಿಯದ ಹಳೆಯ ಚರಿತ್ರಗ್ರಂಥವಾದ ‘ಕಾರ್ತ್ಲಿಯ ಮತಾಂತರ’ವಿದೆ, ಪ್ರಾಣಿಗಳ ಸ್ವಭಾವವನ್ನು ನೀತಿಪರವಾಗಿ ವಿವರಿಸುವ ‘ಫಿಸಿಯೋಲೋಗಸ್’ ಇದೆ. ಮೂರನೆಯ ಶತಮಾನದ ಹಿಪ್ಪೋಲಿಟಸನು ‘ಪರಮಗೀತೆ’ಗೆ ಗ್ರೀಕಿನಲ್ಲಿ ಬರೆದ ವ್ಯಾಖ್ಯಾನದ ಮೂಲವು ಪೂರ್ಣವಾಗಿ ಉಳಿದಿಲ್ಲ, ಇಲ್ಲಿಯ ಜಾರ್ಜಿಯನ್ ಅನುವಾದದಲ್ಲಿ ಅದು ಉಳಿದಿದೆ. ನಾಲ್ಕನೆಯ ಶತಮಾನದ ಎಪಿಫಾನಿಯಸನು ಯೆಹೂದ್ಯರ ಮಹಾಯಾಜಕನ ಎದೆಪದಕದ ಹನ್ನೆರಡು ರತ್ನಗಳನ್ನು ಕುರಿತು ಬರೆದ ಪ್ರಬಂಧದ ಕಥೆಯೂ ಇದೇ. ಮೂಲವು ನಾಗರಿಕತೆಯ ಕೇಂದ್ರದಲ್ಲಿ ನಷ್ಟವಾಗಿ, ಅನುವಾದವು ಅಂಚಿನಲ್ಲಿ ಬಾಳಿತು. ಗ್ರೀಕ್ ವಾಙ್ಮಯವನ್ನು ಅಭ್ಯಾಸಮಾಡುವವರು ಜಾರ್ಜಿಯನ್ ಭಾಷೆಯನ್ನು ಕಲಿಯಬೇಕಾಗಿ ಬಂದುದು ಇಂತಹ ಕಾರಣಗಳಿಂದ.

ಗದ್ಯಕ್ಕಷ್ಟೇ ಈ ಪರಿಶ್ರಮವು ಮೀಸಲಾಗಿರಲಿಲ್ಲ. ಅದೇ ಮಠದಲ್ಲಿ ೯೭೮ರಿಂದ ೯೮೮ರ ವರೆಗೆ ಮಿಕಾಯೆಲ್ ಮೊದ್ರೆಕಿಲಿಯು ಸಂಗ್ರಹಿಸಿದ ಸ್ತೋತ್ರಗಳ ಮಹಾಸಂಕಲನದಲ್ಲಿ ಅಕ್ಷರಗಳ ಮೇಲೂ ಕೆಳಗೂ ಸ್ವರಚಿಹ್ನೆಗಳಿವೆ. ಬಾಯಿಂದ ಬಾಯಿಗೆ ಬಂದ ಗಾನವನ್ನು ಹಾಳೆಯ ಮೇಲೆ ನಿಲ್ಲಿಸುವ ಪ್ರಯತ್ನವಿದು.

ಇಂತಹ ಬರವಣಿಗೆಯ ನಡುವೆ ಬಾಳಿದ ಮೆರ್ಚುಲೆಯು ತನ್ನ ಚರಿತ್ರೆಯಲ್ಲಿ ಒಂದು ಕಡೆ ಕಾರ್ತ್ಲಿ ಎಂದರೆ ಯಾವುದು ಎಂಬುದಕ್ಕೆ ಲಕ್ಷಣವನ್ನು ಹೇಳಿದ್ದಾನೆ. ಎಲ್ಲೆಲ್ಲಿ ಪೂಜೆಯೂ ಪ್ರಾರ್ಥನೆಗಳೂ ಜಾರ್ಜಿಯನ್ ಭಾಷೆಯಲ್ಲಿ ನಡೆಯುತ್ತವೆಯೋ ಆ ವಿಶಾಲವಾದ ನೆಲವೆಲ್ಲ ಕಾರ್ತ್ಲಿ ಎಂಬುದು ಅದರ ತಾತ್ಪರ್ಯ. ‘ಕೀರಿಯೆ ಎಲೈಸೋನ್’ ಎಂಬ ಒಂದು ಗ್ರೀಕ್ ಉಕ್ತಿಗೆ ಮಾತ್ರ ಅವನು ಅಪವಾದವನ್ನು ಕೊಟ್ಟು, ‘ಕರ್ತನೇ, ಕರುಣಿಸು’ ಎಂದು ಅದರ ಅರ್ಥವನ್ನೂ ತಿಳಿಸಿದ್ದಾನೆ. ಅವನು ಬರೆದ ೯೫೧ರಲ್ಲಿ ಜಾರ್ಜಿಯವು ಒಂದು ರಾಜ್ಯವಾಗಿರಲಿಲ್ಲ. ತ್ಬಿಲಿಸಿಯಲ್ಲಿ ಅಮೀರನಿದ್ದನು, ಅಬ್ಖಾಜಿಯಕ್ಕೆ ಬೇರೆ ಅರಸನಿದ್ದನು, ತಾವೋ ಕ್ಲಾರ್ಜೇತಿಗಳಲ್ಲಿ ಬಗ್ರಾತಿಯೋನಿಗಳ ಶಾಖೆಗಳು ಹಂಚಿಕೊಂಡು ಆಳುತ್ತಿದ್ದುವು. ಮೂರನೆಯ ಬಗ್ರಾತನು ಕಾರ್ತ್ಲಿ, ಅಬ್ಖಾಜಿಯಗಳನ್ನು ಕೂಡಿಸಿ ಒಂದು ರಾಜ್ಯವನ್ನು ಮಾಡಿದುದು ೧೦೦೮ರಲ್ಲಿ. ಅಂದರೆ ಖಡ್ಗವು ಗಡಿಯನ್ನು ಎಳೆಯುವುದಕ್ಕೆ ಐವತ್ತೇಳು ವರ್ಷ ಮೊದಲೇ ಲೇಖನಿಯು ಅದನ್ನು ಎಳೆದಿತ್ತು.

೬

ನೆಲದ ಎಲ್ಲೆಯನ್ನು ಭಾಷೆಯಿಂದ ಅಳೆದವರು ತಮ್ಮ ಭಾಷೆಯನ್ನು ಬೆಟ್ಟದೊಳಗೆ ಕಟ್ಟಿಹಾಕಲಿಲ್ಲ. ತಾವೋದ ಓಷ್ಕಿ ಮಠದ ಮಹಾದೇವಾಲಯವನ್ನು ೯೬೩ರಿಂದ ೯೭೩ರ ವರೆಗೆ ಕಟ್ಟಿಸಿದವರು ಅರಸುಮಕ್ಕಳಾದ ಬಗ್ರಾತ ಮತ್ತು ದಾವಿತ ಎಂಬ ಸೋದರರು. ಕೆಲಸ ಮಾಡಿದ ಕಲ್ಲುಕುಟಿಗರ ಲೆಕ್ಕ, ಕಲ್ಲೆಳೆದ ಎತ್ತುಗಳ ಲೆಕ್ಕ, ಹೇರು ಹೊತ್ತ ಹೇಸರಗತ್ತೆಗಳ ಲೆಕ್ಕ ಇವುಗಳನ್ನು ಅಲ್ಲಿಯ ಶಾಸನವು ದಾಖಲುಮಾಡಿದೆ. ಅರಸರ ಹೆಸರಿನ ಜೊತೆಗೆ ದುಡಿದ ಪಶುಗಳಿಗೂ ಶಾಸನದಲ್ಲಿ ಸ್ಥಾನ ದೊರೆತಿದೆ. ಇದೇ ಮಠದಲ್ಲಿ ೯೭೮ರಲ್ಲಿ ಬೈಬಲಿನ ಒಂದು ದೊಡ್ಡ ಪ್ರತಿಯು ಸಿದ್ಧವಾಯಿತು. ಅದು ದಂಡನಾಯಕನಾಗಿದ್ದು ಯತಿಯಾದ ಇಯೋಆನೆ ತೋರ್ನಿಕೆಗಾಗಿ ಬರೆದುದು. ಬೈಜಾಂಟಿಯಂ ಸಿಂಹಾಸನಕ್ಕೆ ಬಾರ್ಡಸ್ ಸ್ಕ್ಲೇರೋಸನಿಂದ ಅಪಾಯವೊದಗಿದಾಗ, ಗ್ರೀಸಿನ ಆತೋಸ್ ಪರ್ವತದಲ್ಲಿದ್ದ ಈ ತೋರ್ನಿಕೆಯನ್ನು ರಾಯಭಾರಿಯಾಗಿ ತಾವೋಕ್ಕೆ ಕಳುಹಿಸಿದರು. ದಾವಿತನು ಕೊಟ್ಟ ಸೈನ್ಯದೊಡನೆ ಅವನು ೯೭೯ರಲ್ಲಿ ಸ್ಕ್ಲೇರೋಸನನ್ನು ಸೋಲಿಸಿ, ದೊರೆತ ಧನದಿಂದ ಆತೋಸಿನಲ್ಲಿ ಜಾರ್ಜಿಯನರಿಗೆ ಐವಿರೋನ್ ಮಠವನ್ನು ಕಟ್ಟಲು ನೆರವಾದನು. ಓಷ್ಕಿಯ ಬೈಬಲು ಅಲ್ಲಿಗೆ ಹೋಯಿತು. ಓಪಿಜಾದ ಸುವಾರ್ತೆಗಳೂ ಅಲ್ಲಿಯೇ ಸೇರಿದುವು.

ಗ್ರಂಥಗಳ ಹಿಂದೆ ವಿದ್ವಾಂಸರೂ ಹೊರಟರು. ತಾವೋದ ಖಾಖುಲಿ ಮಠದಲ್ಲಿ ಓದಿದ ಗಿಯೋರ್ಗಿಯು (೧೦೦೯–೧೦೬೫) ಐವಿರೋನಿನ ಮಠಾಧಿಪತಿಯಾಗಿ, ಸುವಾರ್ತೆಗಳ ಭಾಷಾಂತರವನ್ನು ಗ್ರೀಕ್ ಮೂಲದೊಡನೆ ತಾಳೆನೋಡಿ ತಿದ್ದಿದನು. ಜಾರ್ಜಿಯನ್ ಚರ್ಚಿನಲ್ಲಿ ಆ ಪಾಠವೇ ಪ್ರಮಾಣವಾಯಿತು. ಶಾವ್ಶೇತಿಯವನಾದ ಪ್ರೊಖೋರೆಯು ಹನ್ನೊಂದನೆಯ ಶತಮಾನದಲ್ಲಿ ಜೆರೂಸಲೇಮಿನ ಬಳಿ ಶಿಲುಬೆಯ ಮಠವನ್ನು ಕಟ್ಟಿಸಿ ಅಲ್ಲಿ ದೊಡ್ಡ ಪುಸ್ತಕಭಂಡಾರವನ್ನು ಕೂಡಿಸಿದನು. ಆ ಭಂಡಾರದ ಜಾರ್ಜಿಯನ್ ಹಸ್ತಪ್ರತಿಗಳು ಈಗ ಜೆರೂಸಲೇಮಿನ ಗ್ರೀಕ್ ಧರ್ಮಪೀಠದ ಗ್ರಂಥಾಲಯದಲ್ಲಿವೆ. ಮೆರ್ಚುಲೆಯ ಚರಿತ್ರೆಯು ಸಿಕ್ಕಿದುದು ಆ ಗ್ರಂಥಾಲಯದಲ್ಲಿಯೇ.

೭

ಬೆಟ್ಟದ ರಕ್ಷಣೆಯು ಶಾಶ್ವತವಾಗಿರಲಿಲ್ಲ. ದಾವಿತನು ತೀರಿಕೊಂಡ ಬಳಿಕ, ಹನ್ನೊಂದನೆಯ ಶತಮಾನದ ಆರಂಭದಲ್ಲಿ, ಚಕ್ರವರ್ತಿ ಎರಡನೆಯ ಬೆಸಿಲನು ತಾವೋದ ಬಹುಭಾಗವನ್ನು ಆಕ್ರಮಿಸಿದನು. ೧೦೮೦ರ ಸುಮಾರಿನಲ್ಲಿ ಸೆಲ್ಜುಕ್ ತುರ್ಕರು ನಾಡನ್ನು ಸುಟ್ಟರು. ಹದಿನಾರನೆಯ ಶತಮಾನದಲ್ಲಿ ಸೀಮೆಯೆಲ್ಲ ಆಟೋಮಾನ್ ತುರ್ಕರ ಕೈಸೇರಿತು. ಕ್ರಮೇಣ ಜನರು ಇಸ್ಲಾಂ ಮತವನ್ನು ಅವಲಂಬಿಸಿದರು, ಯತಿಗಳು ಇಲ್ಲವಾದರು. ೧೮೭೮ರ ಬರ್ಲಿನ್ ಒಪ್ಪಂದದಿಂದ ಆರ್ತ್ವಿನ್ ರಷ್ಯಕ್ಕೂ, ೧೯೨೧ರ ಒಪ್ಪಂದಗಳಿಂದ ಮತ್ತೆ ತುರ್ಕಿಗೂ ಹೋಯಿತು. ಖಾಖುಲಿ, ಪಾರ್ಖಾಲಿಗಳ ದೇವಾಲಯಗಳು ಮಸೀದಿಗಳಾದುವು. ಉಪಯೋಗದಲ್ಲಿದ್ದುದರಿಂದ ಅವುಗಳ ಗೋಡೆಗಳೂ ಮಾಡುಗಳೂ ಇಂದಿಗೂ ನಿಂತಿವೆ. ಉಪಯೋಗವಿಲ್ಲದವು ಕುಸಿದುವು. ಪೋರ್ತಾ ಎಂಬ ಹಳ್ಳಿಯ ಪಾಳುಗಳೇ ಖಾಂಡ್ಜ್ತಾ ಎಂದು ಹಲವು ವಿದ್ವಾಂಸರು ನಿರ್ಣಯಿಸಿದ್ದಾರೆ. ಅಷ್ಟು ಗ್ರಂಥಗಳನ್ನು ಕೊಟ್ಟ ಶಾತ್ಬೆರ್ದಿಯು ಯಾವ ಪಾಳು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ವಿವಾದವಿದೆ. ಗ್ರಂಥದ ಪುಷ್ಪಿಕೆಯಲ್ಲಿ ಮಠದ ಹೆಸರು ಸ್ಪಷ್ಟವಾಗಿದೆ. ನೆಲದ ಮೇಲೆ ಮಠವೇ ಸ್ಪಷ್ಟವಾಗಿಲ್ಲ.

೮೯೭ರ ಶಾತ್ಬೆರ್ದಿಯ ಸುವಾರ್ತೆಗಳು ಉಳಿದ ಬಗೆಯನ್ನು ನೋಡಿದರೆ ಎಲ್ಲವೂ ತಿಳಿಯುತ್ತದೆ. ಅವು ಉತ್ತರದ ಕಾಕಸಸ್ ಶ್ರೇಣಿಯ ಸ್ವಾನೇತಿ ಎಂಬ ಸೀಮೆಯನ್ನು ಸೇರಿ, ಅಲ್ಲಿಯ ಆದಿಶಿ ಎಂಬ ಸಣ್ಣ ಹಳ್ಳಿಯಲ್ಲಿ ಇದ್ದುವು. ಪಂಡಿತರು ಅದನ್ನು ಇಂದು ‘ಆದಿಶಿಯ ಸುವಾರ್ತೆಗಳು’ ಎಂದು ಕರೆಯುತ್ತಾರೆ; ಬರೆದ ಮಠದ ಹೆಸರು ಹೋಗಿ ಕಾಪಾಡಿದ ಹಳ್ಳಿಯ ಹೆಸರು ನಿಂತಿತು. ೯೩೬ರ ಪ್ರತಿಗೂ, ಅದು ಆಮೇಲೆ ಇದ್ದ ಪಶ್ಚಿಮಜಾರ್ಜಿಯದ ಜ್ರುಚಿ ಮಠದ ಹೆಸರೇ ಬಂದಿದೆ. ಶಾತ್ಬೆರ್ದಿಯ ಸಂಕಲನವೂ ಮೊದ್ರೆಕಿಲಿಯ ಸ್ತೋತ್ರಗ್ರಂಥವೂ ತ್ಬಿಲಿಸಿಯ ಹಸ್ತಪ್ರತಿಭಂಡಾರದಲ್ಲಿವೆ. ಹುಟ್ಟಿದ ಮನೆಯಲ್ಲಿ ಉಳಿದುದು ಒಂದೂ ಇಲ್ಲ.

ಆದಕಾರಣ ಕ್ಲಾರ್ಜೇತಿಯ ಮಠಗಳ ಚರಿತ್ರೆಯನ್ನು ಏಕಾಂತದ ಚರಿತ್ರೆಯೆಂದು ಮಾತ್ರ ಓದುವುದು ಸರಿಯಲ್ಲ. ಏಕಾಂತವು ಆ ಯತಿಗಳಿಗೆ ಬರೆಯುವ ಬಿಡುವನ್ನು ಕೊಟ್ಟಿತು. ಉಳಿವನ್ನು ಕೊಟ್ಟುದು ಪ್ರತಿಮಾಡಿ ಪರರಿಗೆ ಕೊಡುವ ಅವರ ಅಭ್ಯಾಸ. ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗಹಾಕಿದವರ ಸಂಪತ್ತು ಪೆಟ್ಟಿಗೆಯೊಡನೆ ಹೋಯಿತು. ಹೇಸರಗತ್ತೆಯ ಬೆನ್ನ ಮೇಲೆ ಕಣಿವೆಯನ್ನು ಇಳಿದು ಹೋದುದು ಸಾವಿರ ವರ್ಷಗಳ ಮೇಲೂ ಓದಲ್ಪಡುತ್ತಿದೆ.